ದಿವಾಳಿ ಅರ್ಜಿ ಹಾಕಿದ ಮನೆ

ನಮ್ಮ ಯಜಮಾನ್ರು ಕೋರ್ಟಲ್ಲಿ ದಿವಾಳಿ ಅರ್ಜಿ ಹಾಕಿದ್ದು 2022ರ ಜೂನಲ್ಲಿ, ಡಿಸ್ಚಾರ್ಜ್ ಆರ್ಡರ್, ಅಂದ್ರೆ ಹಳೇ ಸಾಲದಿಂದ ಬಿಡುಗಡೆ ಅನ್ನೋ ಕೋರ್ಟಿನ ಆದೇಶ, ಕೈಗೆ ಬಂದಿದ್ದು 2025ರ ಮಾರ್ಚಲ್ಲಿ. ಇದನ್ನೆಲ್ಲ ಬರೀಬೇಕು ಅಂತ ಇರ್ಲಿಲ್ಲ ನಂಗೆ. ಆದ್ರೆ ಹೋದ ತಿಂಗಳು ದೂರದ ಸಂಬಂಧದ ಹೆಣ್ಮಗಳೊಬ್ಬಳು ರಾತ್ರಿ ಹತ್ತೂವರೆಗೆ ಫೋನ್ ಮಾಡಿ, ಅಕ್ಕಾ ನಿಮ್ಮನೇಲಿ ಪಾಪರ್ ಹಾಕಿದ್ರಂತಲ್ಲ, ಹಾಕಿದ ತಕ್ಷಣ ಸಾಲ ಎಲ್ಲ ಹೋಗ್ಬಿಡುತ್ತಾ, ಮನೆಗೆ ಬಂದು ತಾಳಿ ಕೇಳ್ತಾರಾ, ಮಕ್ಕಳ ಮೇಲೆ ಬರುತ್ತಾ ಅಂತ ಅಳ್ತಾ ಕೇಳಿದಳು. ಇದೇ ಮೂರು ಪ್ರಶ್ನೆ ನಾನೂ ಕೇಳಿದ್ದೆ, ಉತ್ತರ ಹೇಳೋರು ಯಾರೂ ಇರ್ಲಿಲ್ಲ. ಅದಕ್ಕೆ ನಮ್ಮನೇಲಿ ಆಗಿದ್ದನ್ನ ಆಗಿದ್ದ ಹಾಗೇ ಬರೀತಿದೀನಿ. ನಾನು ವಕೀಲೆ ಅಲ್ಲ, ನಿಮ್ಮ ಕೇಸ್ ಬೇರೆ ಇರಬಹುದು, ಅದು ನೆನಪಿರಲಿ.

ನಮ್ದು ತುಮಕೂರಲ್ಲಿ ಚಿಕ್ಕ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆ ಪೋಸ್ಟರು, ಶಾಲೆಗಳ ಡೈರಿ. 2019ರಲ್ಲಿ ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮೆಷಿನ್ ತಗೊಂಡ್ವಿ, ಅತ್ತೆ ಹೆಸರಲ್ಲಿದ್ದ ಮನೆ ಪತ್ರ ಬ್ಯಾಂಕಲ್ಲಿಟ್ಟು. ವರ್ಷ ತುಂಬೋದ್ರೊಳಗೆ ಲಾಕ್‌ಡೌನ್. 2020ರ ಮಾರ್ಚಿಂದ ಮೇ ತನಕ ಮದುವೆ ಸೀಸನ್ನಿಗೆ ಅಂತ ತರಿಸಿಟ್ಟ ಕಾರ್ಡು ಗೋಡೌನಲ್ಲೇ ಉಳೀತು, ಶಾಲೆಗಳು ಮುಚ್ಚಿದ್ವು, ಡೈರಿ ಆರ್ಡರ್ ಎರಡು ವರ್ಷ ಇಲ್ಲ. ರಿಸರ್ವ್ ಬ್ಯಾಂಕು ಆರು ತಿಂಗಳು ಕಂತು ಕಟ್ಟೋದು ಬೇಡ ಅಂದಾಗ ನಾವು ಉಸಿರು ಬಿಟ್ವಿ, ಆದ್ರೆ ಕಂತು ನಿಂತಿತ್ತೇ ಹೊರತು ಬಡ್ಡಿ ನಿಂತಿರ್ಲಿಲ್ಲ, ಅದು ಅರ್ಥ ಆಗಿದ್ದು ಆಮೇಲೆ. ಮತ್ತೆ ಮದುವೆ ಶುರುವಾದಾಗ ಜನ ವಾಟ್ಸಾಪಲ್ಲೇ ಕರೆಯೋದು ಕಲ್ತಿದ್ರು, ಐನೂರು ಕಾರ್ಡ್ ಹಾಕಿಸೋರು ನೂರು ಹಾಕಿಸಿದ್ರು. ಆ ಸಾಲದ ಕಂತಿಗೆ ಈ ಸಾಲ, ಈ ಸಾಲದ ಬಡ್ಡಿಗೆ ಇನ್ನೊಂದು ಕೈಸಾಲ. ಎಲ್ಲರ ಮನೇಲೂ ಹೀಗೇ ಆಗೋದು, ಅದನ್ನ ಬಿಡಿಸಿ ಹೇಳೋದು ಬೇಡ.

ಹೇಳ್ಬೇಕಾಗಿರೋದು ಪಟ್ಟಿ ಬರೆದ ರಾತ್ರಿ ಬಗ್ಗೆ. 2022ರ ಮೇ ತಿಂಗಳು. ವಕೀಲರು, ಸಾಲ ಕೊಟ್ಟೋರ ಪೂರ್ತಿ ಪಟ್ಟಿ ತನ್ನಿ, ಹೆಸರು, ವಿಳಾಸ, ಅಸಲು, ಬಡ್ಡಿ, ಯಾವಾಗ ತಗೊಂಡಿದ್ದು, ಪತ್ರ ಇದೆಯೋ ಚೆಕ್ ಇದೆಯೋ, ಒಂದನ್ನೂ ಬಿಡಬೇಡಿ, ಆಮೇಲೆ ನಿಮ್ಮ ಆಸ್ತಿದೂ ಅಷ್ಟೇ ಅಂದಿದ್ರು. ನನಗೆ ಯಜಮಾನ್ರು ಯಾವಾಗಲೂ ಹೇಳ್ತಿದ್ದದ್ದು ಇಪ್ಪತ್ತು ಇಪ್ಪತ್ತೈದು ಲಕ್ಷ. ಮಗಳ ಹಳೇ ನೋಟ್ ಪುಸ್ತಕದಲ್ಲಿ ನಾನು ಬರೀತಾ ಹೋದೆ, ಅವರು ಹೇಳ್ತಾ ಹೋದ್ರು. ಬ್ಯಾಂಕ್ 21 ಲಕ್ಷ. ಖಾಸಗಿ ಫೈನಾನ್ಸ್ 8. ಪೇಪರ್ ಸಪ್ಲೈ ಮಾಡೋರಿಗೆ 5. ಚೀಟಿ ಎತ್ತಿದ್ದು 4. ಎರಡು ಕ್ರೆಡಿಟ್ ಕಾರ್ಡ್ ಸೇರಿ 2 ಲಕ್ಷದ 40 ಸಾವಿರ. ಆಮೇಲೆ ಸುಮ್ಮನಾದ್ರು. ಇನ್ನೂ ಇದೆಯಾ ಅಂದೆ. ಕೈಸಾಲ ಅಂದ್ರು. ಒಂದೊಂದೇ ಹೆಸರು ಬಂತು, ಹನ್ನೊಂದು ಜನ, 7 ಲಕ್ಷ. ಅದರಲ್ಲಿ ನಮ್ಮ ಮಗನ ಟ್ಯೂಷನ್ ಮೇಷ್ಟ್ರು ಹೆಸರೂ ಇತ್ತು, ರಿಟೈರ್ಡ್ ಮೇಷ್ಟ್ರು, 40 ಸಾವಿರ, ಪತ್ರ ಇಲ್ಲ ಚೆಕ್ ಇಲ್ಲ. ಒಟ್ಟು ಮಾಡಿದಾಗ 47 ಲಕ್ಷದ 40 ಸಾವಿರ. ಆವತ್ತು ನಾವು ಜಗಳ ಆಡ್ಲಿಲ್ಲ, ಜಗಳ ಆಡೋಕೂ ಶಕ್ತಿ ಬೇಕಲ್ಲ. ಅವರು ಪೂರ್ತಿ ಹೇಳಿ ಮುಗಿಸಿದ ಮೇಲೆ ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದ್ರು, ಎರಡು ವರ್ಷದಲ್ಲಿ ಅವರು ಹಾಗೆ ನಿದ್ದೆ ಮಾಡಿದ್ದು ನಾನು ನೋಡಿರ್ಲಿಲ್ಲ. ನಿದ್ದೆ ಬರದೇ ಕೂತಿದ್ದು ನಾನು.

ಈ ಪಟ್ಟಿ ಹೆಂಡತಿ ಜೊತೆ ಕೂತು ಬರೀಬೇಕು, ಇದು ನನ್ನ ಖಡಾಖಂಡಿತ ಮಾತು. ಗಂಡಸರು ಒಬ್ಬರೇ ವಕೀಲರ ಹತ್ರ ಹೋದ್ರೆ ನಾಚಿಕೆಗೆ ಎರಡು ಹೆಸರು ಬಿಟ್ಟೇ ಬಿಡ್ತಾರೆ.

ಕಾನೂನಿನ ವಿಷಯ ನನಗೆ ಅರ್ಥ ಆದಷ್ಟು ಹೇಳ್ತೀನಿ. ದಿವಾಳಿಗೆ ಅಂತ 2016ರಲ್ಲಿ ಹೊಸ ಕಾಯ್ದೆ ಬಂದಿದೆ ಅಂತ ಎಲ್ಲರೂ ಹೇಳ್ತಾರೆ, ನಿಜ, ಆದ್ರೆ ಅದರಲ್ಲಿ ಸಾಮಾನ್ಯ ಮನುಷ್ಯರ ಭಾಗ ನಮ್ಮಂಥೋರಿಗೆ ಜಾರಿಗೇ ಬಂದಿರ್ಲಿಲ್ಲ, ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದೋರಿಗೆ ಮಾತ್ರ 2019ರ ಡಿಸೆಂಬರಿಂದ ಜಾರಿ ಮಾಡಿದ್ರು. ಉಳಿದೋರಿಗೆ ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ. ಅದು ಎಷ್ಟು ಹಳೇದು ಅಂದ್ರೆ 500 ರೂಪಾಯಿ ಸಾಲ ಇದ್ರೆ ಅರ್ಜಿ ಹಾಕಬಹುದು ಅಂತಿದೆ. ಪ್ರೆಸ್ ಕೆಲಸಗಾರರ ಬಾಕಿ ಸಂಬಳ ಮೊದಲು ಕೊಡ್ಬೇಕು ಅಂತಲೂ ಇದೆ, ಎಷ್ಟು ಅಂದ್ರೆ ಒಬ್ಬರಿಗೆ 20 ರೂಪಾಯಿ ಮೀರದ ಹಾಗೆ! ನಮ್ಮ ಹತ್ರ ಒಂಬತ್ತು ವರ್ಷ ದುಡಿದ ಇಬ್ಬರು ಹುಡುಗರಿಗೆ ಮೂರು ತಿಂಗಳ ಸಂಬಳ ಬಾಕಿ ಇತ್ತು, ಅದನ್ನ ನಾನು ಬ್ಲೌಸ್ ಹೊಲಿದ ದುಡ್ಡಲ್ಲಿ ಎಂಟು ತಿಂಗಳು ಸ್ವಲ್ಪ ಸ್ವಲ್ಪ ಕೊಟ್ಟು ತೀರಿಸಿದೆ. ಈ ಕಾಯ್ದೆ ಬದಲಾಗಲೇಬೇಕು, ನೂರು ವರ್ಷದ ಹಿಂದಿನ ರೂಪಾಯಿ ಲೆಕ್ಕ ಇಟ್ಕೊಂಡು ಇವತ್ತಿನ ಬಡವರಿಗೆ ನ್ಯಾಯ ಹೇಗೆ ಸಿಗುತ್ತೆ.

ಅರ್ಜಿ ಹಾಕೋಕೆ ಮುಂಚೆ ಬರೋ ಸಲಹೆಗಳ ಬಗ್ಗೆ ಹುಷಾರಾಗಿರಿ. ಊರಾಚೆ ಇವರ ಹೆಸರಲ್ಲಿ 30-40 ಸೈಟೊಂದಿತ್ತು. ನಮ್ಮ ಚಿಕ್ಕಪ್ಪನೋರು ಬಂದು, ಸುಮ್ಮನೆ ಹೆಂಡ್ತಿ ಹೆಸರಿಗೆ ದಾನಪತ್ರ ಮಾಡ್ಸು, ಯಾರೂ ಮುಟ್ಟಲ್ಲ ಅಂದ್ರು. ನನಗೂ ಆಸೆ ಆಯ್ತು, ಸುಳ್ಳು ಹೇಳಲ್ಲ, ಮಗಳ ಮದುವೆಗೆ ಅಂತ ಇಟ್ಟಿದ್ದ ಸೈಟು ಅದು. ವಕೀಲರು ಕೇಳಿ ಎದ್ದೇ ನಿಂತರು. ದಿವಾಳಿ ಘೋಷಣೆಗೆ ಮುಂಚಿನ ಎರಡು ವರ್ಷದಲ್ಲಿ ಪುಕ್ಕಟೆ ಬರೆದುಕೊಟ್ಟ ಆಸ್ತಿ ನಿಲ್ಲಲ್ಲ, ಕೋರ್ಟು ಅದನ್ನ ವಾಪಸ್ ಎಳೆಯುತ್ತೆ, ಮೇಲಿಂದ ನೀವು ಮುಚ್ಚಿಟ್ಟಿರಿ ಅಂತ ಡಿಸ್ಚಾರ್ಜೇ ಸಿಗದೇ ಹೋಗಬಹುದು ಅಂದ್ರು. ಸೈಟು ಪಟ್ಟಿಗೆ ಸೇರ್ತು.

ಆದ್ರೆ ಒಂದು ತಪ್ಪು ಅಷ್ಟೊತ್ತಿಗೆ ಆಗೋಗಿತ್ತು, ಅದು ನನ್ನದು. ಏಪ್ರಿಲಲ್ಲಿ ಒಂದು ಹಳೇ ಬಾಕಿ 80 ಸಾವಿರ ಬಂದಿತ್ತು, ನಾನು ಹಟ ಹಿಡಿದು ಅಷ್ಟನ್ನೂ ನನ್ನ ತಮ್ಮನ ಹತ್ರ ತಗೊಂಡಿದ್ದ ಸಾಲಕ್ಕೆ ಕೊಡಿಸಿದ್ದೆ. ಅವನು ಹೊಸದಾಗಿ ಮದುವೆ ಆಗಿದ್ದ, ಅವನ ಹೆಂಡತಿ ಮುಂದೆ ನನ್ನ ಮುಖ ಉಳೀಬೇಕು ಅಂತ. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಸಾಲ ಕೊಟ್ಟ ಉಳಿದೋರನ್ನ ಬಿಟ್ಟು ಒಬ್ಬರಿಗೆ ಮಾತ್ರ ತೀರಿಸಿದ್ರೆ ಅದು ಪಕ್ಷಪಾತ ಅಂತೆ ಕಾನೂನಲ್ಲಿ. ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಅದು ಎದ್ದು ಕಾಣ್ತಿತ್ತು. ಆಮೇಲೆ ರಿಸೀವರ್, ಅಂದ್ರೆ ನಮ್ಮ ಆಸ್ತಿ ನೋಡ್ಕೊಳ್ಳೋಕೆ ಕೋರ್ಟು ನೇಮಿಸಿದೋರು, ಅರ್ಜಿ ಹಾಕಿ, ಕೋರ್ಟು ಆರ್ಡರ್ ಮಾಡಿ, ತಮ್ಮ ಆ 80 ಸಾವಿರ ವಾಪಸ್ ಕಟ್ಟಬೇಕಾಯ್ತು, ಎಲ್ಲರ ಜೊತೆ ಸಾಲಿನಲ್ಲಿ ನಿಂತು ರೂಪಾಯಿಗೆ ಇಷ್ಟು ಪೈಸೆ ಅಂತ ತಗೊಂಡ. ಅವನು ಒಂದು ಮಾತೂ ಆಡಲಿಲ್ಲ ನನಗೆ. ಅವನ ಮನೆಗೆ ಹೋದಾಗ ಈಗಲೂ ನಾನು ಅಡುಗೆಮನೆ ಕಡೆ ಹೋಗೋಕೆ ಹಿಂಜರೀತೀನಿ.

ಅರ್ಜಿ ಹಾಕಿದ ಮೇಲೆ ಸಾಲ ಕೊಟ್ಟೋರಿಗೆಲ್ಲಾ ನೋಟಿಸ್ ಹೋಗುತ್ತೆ, ಪೇಪರಲ್ಲೂ ಬರುತ್ತೆ. ಇದಕ್ಕೆ ಮನೆಯೋರನ್ನ ಮೊದಲೇ ತಯಾರು ಮಾಡಿ. ನಮ್ಮತ್ತೆ ದಿನಾ ಪೇಪರನ್ನ ಕೊನೇ ಪುಟದ ತನಕ ಓದೋರು, ಶ್ರದ್ಧಾಂಜಲಿ, ಕಳೆದುಹೋದ ಅಂಕಪಟ್ಟಿ, ಹೆಸರು ಬದಲಾವಣೆ, ಒಂದೂ ಬಿಡಲ್ಲ. ಯಾವತ್ತು ಬರುತ್ತೆ ಅಂತ ನಮಗೆ ಗೊತ್ತಿರ್ಲಿಲ್ಲ. ನವೆಂಬರಲ್ಲಿ ಒಂದಿನ ಬೆಳಗ್ಗೆ ಕಾಫಿ ಕೊಡೋಕೆ ಹೋದ್ರೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಕೊಂಡಿದ್ರು. ಅಪ್ಪನ ಹೆಸರು ಸಮೇತ ಹಾಕವ್ರಲ್ಲೇ ಅಂದ್ರು. ಮಗನ ಹೆಸರು ಬಂದಿದ್ದಕ್ಕಿಂತ, ತೀರಿಹೋದ ಗಂಡನ ಹೆಸರು ಅಲ್ಲಿ ಬಂದಿದ್ದು ಅವರಿಗೆ ತಡಿಯೋಕೆ ಆಗ್ಲಿಲ್ಲ. ಹಿಂದಿನ ದಿನವೇ ಪಕ್ಕದಲ್ಲಿ ಕೂತು ಹೇಳಬೇಕಿತ್ತು ನಾವು.

ಫೋನ್ ಕಾಟ ಅರ್ಜಿ ಹಾಕಿದ ದಿನ ನಿಲ್ಲಲ್ಲ. ವಸೂಲಿಯೋರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕೇ 2022ರ ಆಗಸ್ಟಲ್ಲಿ ಸುತ್ತೋಲೆ ಹೊರಡಿಸಿದೆ, ಸಂಬಂಧಿಕರಿಗೆ ಫೋನ್ ಮಾಡಿ ಮಾನ ಕಳೆಯೋದೂ ತಪ್ಪು. ಇದು ಗೊತ್ತಿಲ್ಲದೇ ನಾವು ರಾತ್ರಿ ಒಂಬತ್ತಕ್ಕೆ ನಡುಗ್ತಾ ಫೋನ್ ಎತ್ತುತಿದ್ವಿ. ಒಬ್ಬ ಮಗಳ ನಂಬರಿಗೆ ಮಾಡಿದ, ಅವಳಾಗ ಎಸ್ಸೆಸ್ಸೆಲ್ಸಿ. ಆವತ್ತೇ ರಾತ್ರಿ ಇಬ್ಬರು ಮಕ್ಕಳನ್ನೂ ಕೂರಿಸಿ ಎಲ್ಲಾ ಹೇಳಿದ್ವಿ. ಅಪ್ಪ ಕಳ್ಳತನ ಮಾಡಿಲ್ಲ, ವ್ಯಾಪಾರ ಬಿದ್ದಿದೆ, ಕೋರ್ಟಿಗೆ ನಾವಾಗೇ ಹೋಗಿದೀವಿ, ಈ ಸಾಲ ನಿಮ್ಮ ತಲೆ ಮೇಲೆ ಬರಲ್ಲ. ಆ ಕೊನೇ ಮಾತು ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಅಪ್ಪನ ಸಾಲ ತೀರಿಸೋದು ಮಗನ ಧರ್ಮ ಅಂತ ಹೇಳಿ ಮಗನ ಮೇಲೆ ಕೋರ್ಟಿಗೆ ಹೋಗೋಕೆ ಆಗಲ್ಲ. ಹೆಂಡತಿನೂ ಅಷ್ಟೇ, ಅವಳು ಸಹಿ ಹಾಕಿಲ್ಲ ಅಂದ್ರೆ ಗಂಡನ ಸಾಲಕ್ಕೆ ಅವಳು ಹೊಣೆ ಅಲ್ಲ. ನನ್ನ ಹೆಸರಲ್ಲಿದ್ದ ಸಂಘದ ಸಾಲ ಮಾತ್ರ ನನ್ನದು, ವಾರವಾರ ಕಟ್ಟಿದೆ, ನಾನು ಕಟ್ಟದಿದ್ರೆ ಉಳಿದ ಹೆಂಗಸರು ಕಟ್ಟಬೇಕಲ್ಲ. ಈಗ 2025ರಲ್ಲಿ ನಮ್ಮ ರಾಜ್ಯದಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳಕ್ಕೆ ಹತ್ತು ವರ್ಷದ ತನಕ ಜೈಲು ಅಂತ ಕಾನೂನು ಬಂದಿದೆ, ಆಗ ಇರ್ಲಿಲ್ಲ.

ಚೆಕ್ ವಿಷಯ ಬೇರೆ. ಕೈಸಾಲ ಕೊಟ್ಟ ಇಬ್ಬರು ಖಾಲಿ ಚೆಕ್ ಇಸ್ಕೊಂಡಿದ್ರು, ಬೌನ್ಸ್ ಮಾಡಿಸಿ 138 ಕೇಸ್ ಹಾಕಿದ್ರು. ದಿವಾಳಿ ಅರ್ಜಿ ಹಾಕಿದೀವಲ್ಲ ಅಂದ್ರೆ, ಅದು ಸಿವಿಲ್ಲು ಇದು ಕ್ರಿಮಿನಲ್ಲು, ಇದು ನಿಲ್ಲಲ್ಲ ಅಂದ್ರು ವಕೀಲರು. ಎರಡು ವರ್ಷದ ತನಕ ಶಿಕ್ಷೆ ಇದೆ ಅದಕ್ಕೆ. ಕೊನೆಗೆ ಲೋಕ ಅದಾಲತ್‌ನಲ್ಲಿ ಕಂತು ಮಾಡ್ಕೊಂಡು ರಾಜಿ ಆಯ್ತು, ತವರಿಂದ ಬಂದ ದುಡ್ಡಲ್ಲಿ ನಾನೇ ಕಟ್ಟಿದ್ದು. ಯಾರಾದ್ರೂ ಈಗ ಖಾಲಿ ಚೆಕ್ಕಿಗೆ ಸಹಿ ಮಾಡೋಕೆ ಪೆನ್ನು ಹಿಡಿದಿದ್ರೆ ದಯವಿಟ್ಟು ಕೆಳಗಿಡಿ. ವಕೀಲರ ಫೀಸಿಗೆ ದುಡ್ಡಿಲ್ಲ ಅನ್ನೋರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, 15100ಕ್ಕೆ ಫೋನ್ ಮಾಡಿ. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ವಕೀಲರು ಸಿಗ್ತಾರೆ.

ಮನೆ ಹೋಯ್ತು. ಅಡ ಇಟ್ಟ ಆಸ್ತಿ ಮೇಲೆ ಬ್ಯಾಂಕಿಗಿರೋ ಹಕ್ಕನ್ನ ದಿವಾಳಿ ಅರ್ಜಿ ತಡೆಯಲ್ಲ. 60 ದಿನದ ನೋಟಿಸ್ ಬಂತು, ಆಮೇಲೆ ಬಾಗಿಲಿಗೆ ಚೀಟಿ ಅಂಟಿಸಿ ಹೋದ್ರು. ಹರಾಜಿಗೆ ಬಿಟ್ರೆ ಬೆಲೆ ಬರಲ್ಲ ಅಂತ ಅತ್ತೆಯೇ ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತು ನಾವೇ ಗಿರಾಕಿ ತರ್ತೀವಿ ಅಂತ ಮೂರು ತಿಂಗಳು ಟೈಮ್ ಕೇಳಿದ್ರು, ಕೊಟ್ಟರು. 31 ಲಕ್ಷಕ್ಕೆ ಮಾರಿ, ಬಡ್ಡಿ ಸೇರಿ 23 ಕಟ್ಟಿ, 8 ಲಕ್ಷ ಅತ್ತೆ ಖಾತೇಲಿ ಉಳೀತು. 2022ರ ಡಿಸೆಂಬರಲ್ಲಿ ಎರಡು ರೂಮಿನ ಬಾಡಿಗೆ ಮನೆಗೆ ಬಂದ್ವಿ. ಅತ್ತೆ ತುಳಸಿ ಕಟ್ಟೆ ತರೋಕೆ ಆಗಲ್ಲ ಅಂತ ಮಣ್ಣು ಸಮೇತ ಗಿಡ ಒಂದನ್ನ ಬಕೆಟಲ್ಲಿ ತಂದ್ರು.

ಎಲ್ಲಕ್ಕಿಂತ ನಮ್ಮನ್ನ ಸುಟ್ಟಿದ್ದು ಜಾಮೀನು. ಆ ಫೈನಾನ್ಸ್ ಸಾಲಕ್ಕೆ ಜಾಮೀನು ಹಾಕಿದೋರು ನಮ್ಮ ಭಾವ, ಇವರಕ್ಕನ ಗಂಡ. ದಿವಾಳಿ ಆದೋನು ಬಿಡುಗಡೆ ಆದ್ರೂ ಜಾಮೀನುದಾರ ಬಿಡುಗಡೆ ಆಗಲ್ಲ, ಇದು ಅದೇ 1920ರ ಕಾಯ್ದೇಲಿ ಬರೆದಿದೆ. ಇವರ ಮೇಲೆ ಹೋಗೋಕೆ ಆಗದೇ ಇದ್ದಾಗ ಫೈನಾನ್ಸಿನೋರು ಪೂರ್ತಿ ಭಾವನ ಮೇಲೆ ತಿರುಗಿದ್ರು. ಸರ್ಕಾರಿ ನೌಕರಿಯ ಭಾವ, ಆಫೀಸಿಗೆ ನೋಟಿಸ್. ಅತ್ತಿಗೆ ಎರಡು ವರ್ಷ ಗೌರಿ ಹಬ್ಬಕ್ಕೆ ಬರಲಿಲ್ಲ, ಕಳಿಸಿದ ಬಾಗಿನ ವಾಪಸ್ ಬಂತು. ನಮಗೆ ಹೇಳೋಕೆ ಬಾಯಿ ಎಲ್ಲಿತ್ತು. ಅತ್ತೆ ಯಾರನ್ನೂ ಕೇಳದೇ ತಮ್ಮ ಖಾತೇಲಿದ್ದ 8 ಲಕ್ಷದಲ್ಲಿ 5 ಲಕ್ಷ ತಗೊಂಡು ಬಸ್ ಹತ್ತಿ ಮಗಳ ಮನೆಗೆ ಹೋಗಿ ಅಳಿಯನ ಮುಂದೆ ಇಟ್ಟು ಬಂದ್ರು, ಅದಕ್ಕೆ ಭಾವ ಇನ್ನೊಂದು ಲಕ್ಷ ಹಾಕಿ ಆ ಸಾಲ ಸೆಟಲ್ ಮಾಡಿದ್ರು. ಈ ಸಲ ಅತ್ತಿಗೆ ಬಂದು ಬಾಗಿನ ತಗೊಂಡ್ರು. ಭಾವ ಗೇಟಿನ ಹತ್ರ ಬೈಕ್ ಮೇಲೇ ಇದ್ರು, ಒಳಗೆ ಬರಲಿಲ್ಲ.

ಕೋರ್ಟಲ್ಲಿ ವಿಚಾರಣೆ ದಿನ ಸಾಲ ಕೊಟ್ಟೋರ ಎದುರೇ ಇವರನ್ನ ಪ್ರಶ್ನೆ ಮಾಡ್ತಾರೆ, ಯಾಕೆ ಸಾಲ ಮಾಡಿದೆ, ದುಡ್ಡೆಲ್ಲಿ ಹೋಯ್ತು, ಇಸ್ಪೀಟ್ ಆಡ್ತಿದ್ಯಾ, ಕುಡೀತಿದ್ಯಾ. ನಾನು ಹಿಂದಿನ ಬೆಂಚಲ್ಲಿ ಕೂತಿದ್ದೆ. ಇವರನ್ನ ಕಾಪಾಡಿದ್ದು ಪ್ರೆಸ್ಸಿನ ಆರ್ಡರ್ ಡೈರಿ. ಯಾರದ್ದು ಎಷ್ಟು ಕಾರ್ಡು, ಎಷ್ಟು ಅಡ್ವಾನ್ಸು, ಎಷ್ಟು ಬಾಕಿ ಅಂತ ಹದಿನಾಲ್ಕು ವರ್ಷದ್ದು ಇತ್ತು, 2020ರ ಏಪ್ರಿಲ್ ತಿಂಗಳ ಪುಟಗಳು ಖಾಲಿ. ಅರ್ಜಿಗೆ ಮುಂಚಿನ ಮೂರು ವರ್ಷದ ಲೆಕ್ಕ ಸರಿಯಾಗಿ ಇಲ್ಲದಿದ್ರೆ ಅದೂ ಡಿಸ್ಚಾರ್ಜಿಗೆ ಅಡ್ಡಿ ಅಂತೆ. 2023ರ ಆಗಸ್ಟಲ್ಲಿ ದಿವಾಳಿ ಅಂತ ಘೋಷಣೆ ಆಯ್ತು, ಗೆಜೆಟಲ್ಲಿ ಬಂತು. ಆಮೇಲೆ ಅರೆಸ್ಟ್ ಮಾಡದ ಹಾಗೆ ರಕ್ಷಣೆ ಆದೇಶವೂ ಸಿಕ್ತು, ಪೇಪರ್ ಸಪ್ಲೈಯೋರು ಆಗಲೇ ದುಡ್ಡು ಕಟ್ಟಬೇಕು ಅಂತ ಕೋರ್ಟಿಂದ ಡಿಕ್ರಿ ತಗೊಂಡಿದ್ರಲ್ಲ, ಅದರ ಭಯ ಹೋಯ್ತು.

ಆಮೇಲೆ ರಿಸೀವರ್ ಬಂದ್ರು ಆಸ್ತಿ ಪಟ್ಟಿ ಮಾಡೋಕೆ. ಕೋರ್ಟು ನೇಮಿಸಿದ ವಕೀಲರು, ವಯಸ್ಸಾದೋರು, ಚಪ್ಪಲಿ ಹೊರಗೆ ಬಿಟ್ಟು ಬಂದ್ರು. ನನ್ನ ಕೈ ತಾನಾಗೇ ಕುತ್ತಿಗೆಗೆ ಹೋಯ್ತು. ಅವರು ನೋಡಿ, ಅದು ಬೇಡಮ್ಮ, ಕಾನೂನೇ ಮುಟ್ಟಬಾರದು ಅನ್ನುತ್ತೆ ಅಂದ್ರು. ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಸೆಕ್ಷನ್ನಲ್ಲಿ ಇದೆ, ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ಪ್ರಕಾರ ಹೆಂಗಸು ತೆಗೆಯಬಾರದ ಒಡವೆ, ಇವನ್ನ ಜಪ್ತಿ ಮಾಡೋ ಹಾಗಿಲ್ಲ. ಜೀವವಿಮೆ ದುಡ್ಡು, ಪಿಎಫ್ಫು ಕೂಡ. ನನ್ನ ಹೊಲಿಗೆ ಮೆಷಿನ್ ನನ್ನದು ಅನ್ನೋಕೆ ಬಿಲ್ ತೋರಿಸಿದೆ, ಬರ್ಕೊಂಡು ಬಿಟ್ಟರು. ಆಫ್‌ಸೆಟ್ ಮೆಷಿನ್ 3 ಲಕ್ಷದ 10 ಸಾವಿರಕ್ಕೆ, ಸೈಟು 7 ಲಕ್ಷಕ್ಕೆ ಹೋಯ್ತು. ಮೆಷಿನ್ ಎತ್ಕೊಂಡು ಹೋಗೋ ದಿನ ಇವರು ಹೋಗಿ ಎಣ್ಣೆ ಹಾಕಿ ಒರೆಸಿಕೊಟ್ಟು ಬಂದ್ರು.

ಈ ಮಧ್ಯೆ ಬದುಕೋದು ಹೇಗೆ ಅಂತ ಕೇಳ್ತೀರಿ. ಇವರು ಪೀಣ್ಯದಲ್ಲಿ ಒಂದು ಪ್ಯಾಕೇಜಿಂಗ್ ಪ್ರಿಂಟಿಂಗ್ ಕಡೆ ಆಪರೇಟರ್ ಆಗಿ ಸೇರಿದ್ರು, ಬೆಳಗ್ಗೆ ಟ್ರೈನು, ರಾತ್ರಿ ಒಂಬತ್ತಕ್ಕೆ ಮನೆ. ಡಿಸ್ಚಾರ್ಜ್ ಆಗೋ ತನಕ 50 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲ ತಗೊಳ್ಳೋ ಮುಂಚೆ ನಾನು ದಿವಾಳಿ ಆದೋನು ಅಂತ ಎದುರಿನೋರಿಗೆ ಹೇಳ್ಬೇಕು, ಹೇಳದಿದ್ರೆ ಆರು ತಿಂಗಳ ತನಕ ಜೈಲು. ಅಂದ್ರೆ ಕಿರಾಣಿ ಅಂಗಡಿ ಖಾತೆ ಪುಸ್ತಕವೂ ಸಾಲವೇ! ಆವತ್ತಿಂದ ಅಂಗಡಿಗೆ ನಾನೇ ಹೋದೆ, ಕಾಸು ಕೊಟ್ಟೇ ತಂದೆ. ತಿಂಗಳ ಕೊನೇಲಿ ಕಾಸಿಲ್ಲದಿದ್ರೆ ಬೇಳೆ ತರ್ಲಿಲ್ಲ, ಹುರುಳಿ ಬೇಯಿಸಿದೆ. ಚುನಾವಣೆಗೆ ನಿಲ್ಲಬಾರದು ಅಂತಲೂ ಇದೆ, ಅದು ನಮಗೆ ಬೇಕಾಗಿರ್ಲಿಲ್ಲ.

ಕೋರ್ಟಿಗೆ ಬಂದು ಸಾಲ ಸಾಬೀತು ಮಾಡಿದೋರದ್ದು ಒಟ್ಟು 21 ಲಕ್ಷ ಆಯ್ತು. ಖರ್ಚು, ರಿಸೀವರ್ ಫೀಸು, ಮೊದಲು ಹೋಗಬೇಕಾದ ಸರ್ಕಾರಿ ಬಾಕಿ ಎಲ್ಲ ಕಳೆದು ಹಂಚೋಕೆ ಉಳಿದಿದ್ದು 8 ಲಕ್ಷದ 82 ಸಾವಿರ, ರೂಪಾಯಿಗೆ 42 ಪೈಸೆ. ಡಿಸ್ಚಾರ್ಜಿಗೆ ನಾವಾಗೇ ಅರ್ಜಿ ಹಾಕ್ಬೇಕು, ಕೋರ್ಟು ಕೊಟ್ಟ ಗಡುವಿನೊಳಗೆ. ಮರೆತ್ರೆ ಇಷ್ಟು ದಿನ ಪಟ್ಟಿದ್ದೆಲ್ಲ ರದ್ದಾಗಬಹುದು, ನಾನು ಕ್ಯಾಲೆಂಡರ್ ಮೇಲೆ ಕೆಂಪು ಸುತ್ತು ಹಾಕಿಟ್ಟಿದ್ದೆ. ಆ ಕಾಯ್ದೇಲಿ ಇನ್ನೊಂದು ಲೆಕ್ಕ ಇದೆ, ಆಸ್ತಿಯಿಂದ ರೂಪಾಯಿಗೆ ಎಂಟಾಣೆ ಆದ್ರೂ ಹುಟ್ಟದಿದ್ರೆ ಅದು ನಿನ್ನ ತಪ್ಪಿಂದ ಆಗಿದ್ದಲ್ಲ ಅಂತ ತೋರಿಸಬೇಕು. ನಮ್ದು ಎಂಟಾಣೆಗೆ ಎಂಟು ಪೈಸೆ ಕಮ್ಮಿ. ಮತ್ತೆ ಅದೇ ಡೈರಿ, ಅದೇ ಖಾಲಿ ಪುಟಗಳು ತೋರಿಸಿದ್ರು. ನ್ಯಾಯಾಧೀಶರು ಪುಟ ತಿರುವಿ ನೋಡಿ, ಒಪ್ಪಿದ್ರು.

ಡಿಸ್ಚಾರ್ಜ್ ಆದ ಮೇಲೂ ಹಳೇ ಕ್ರೆಡಿಟ್ ಕಾರ್ಡಿನ ಹೆಸರಲ್ಲಿ ಯಾರೋ ಫೋನ್ ಮಾಡ್ತಾರೆ, ಆರ್ಡರಿನ ಸರ್ಟಿಫೈಡ್ ಕಾಪಿ ಫೋಟೋ ಕಳಿಸಿ ಸುಮ್ಮನಾಗ್ತೀನಿ, ನಾಲ್ಕು ಕಾಪಿ ತೆಗೆಸಿಟ್ಟಿದೀವಿ. ಸಿಬಿಲ್ ಸ್ಕೋರ್ ಪಾತಾಳದಲ್ಲಿದೆ, ಮಗಳ ಕಾಲೇಜಿಗೆ ಎಜುಕೇಶನ್ ಲೋನ್ ಬೇಕಾದ್ರೆ ನನ್ನ ಹೆಸರಲ್ಲಿ ಕೇಳ್ಬೇಕು.

ಟ್ಯೂಷನ್ ಮೇಷ್ಟ್ರು ಕೋರ್ಟಿಗೆ ಬರಲೇ ಇಲ್ಲ. ನೋಟಿಸ್ ಮುಟ್ಟಿತ್ತು ಅವರಿಗೆ. ಸಾಬೀತು ಮಾಡದೇ ಇದ್ದಿದ್ದಕ್ಕೆ ಅವರಿಗೆ 42 ಪೈಸೆನೂ ಸಿಗಲಿಲ್ಲ, ಕಾನೂನು ಪ್ರಕಾರ ಆ ಸಾಲವೂ ಮುಗೀತು. ಏಪ್ರಿಲ್ ಒಂದನೇ ತಾರೀಖು ಇವರು ಸಂಬಳದಲ್ಲಿ ಒಂದು ಸಾವಿರ ತೆಗೆದು ಕವರಲ್ಲಿ ಹಾಕಿದ್ರು, ನನ್ನ ಮುಖ ನೋಡಿದ್ರು, ನಾನು ಬೇಡ ಅನ್ನಲಿಲ್ಲ. ಮೇಷ್ಟ್ರು ಇಸ್ಕೊಂಡು, ಹಳೇ ಪರೀಕ್ಷೆ ಪೇಪರಿನ ಹಿಂಭಾಗದಲ್ಲಿ ರಸೀದಿ ಬರೆದು ಕೊಟ್ಟರಂತೆ. ಆ ರಸೀದಿನ ನಾನು ಮಗಳ ಅದೇ ನೋಟ್ ಪುಸ್ತಕದಲ್ಲಿ ಅವರ ಹೆಸರಿರೋ ಪುಟಕ್ಕೆ ಅಂಟಿಸಿದೀನಿ. ಇನ್ನೂ ಮೂವತ್ತೊಂಬತ್ತು ತಿಂಗಳಿದೆ.